ಅಜ್ಜಿಯನ್ನೇ ಕೇಳಿ

ತೊಡೆಯ ಮೂಳೆ ಸೊಂಟಕ್ಕೆ ಸೇರುವಲ್ಲಿ ಗುಂಡನೆಯ ತಲೆಯೊಂದಿದೆ, ಅದರ ಕೆಳಗೆ ಸಣ್ಣ ಕತ್ತು. ತಲೆಗೆ ಬೇಕಾದ ರಕ್ತದ ಬಹುಪಾಲು ಬರುವುದು ಈ ಕತ್ತಿಗೆ ಅಂಟಿಕೊಂಡು ಹರಿಯುವ ಸಣ್ಣ ನಾಳಗಳಿಂದ. ವಯಸ್ಸಾಗಿ ಮೂಳೆ ಟೊಳ್ಳಾದ ಹೆಂಗಸು ಬಚ್ಚಲಲ್ಲಿ ಜಾರಿ ಪಕ್ಕಕ್ಕೆ ಬಿದ್ದರೆ ಮುರಿಯುವ ಸಂಭವ ಹೆಚ್ಚಿರುವ ಜಾಗಗಳಲ್ಲಿ ಇದೂ ಒಂದು. ಮುರಿದ ತುದಿ ಜರುಗಿದರೆ ನಾಳಗಳೂ ಹರಿದುಹೋಗುತ್ತವೆ, ತಲೆಯ ಭಾಗ ರಕ್ತ ಕಾಣದೆ ಸಾಯತೊಡಗುತ್ತದೆ. ಅದಕ್ಕೇ ಇಂಥ ವೇಳೆ ವೈದ್ಯರು ಮೂಳೆ ಕೂಡಿಸುವ ಮಾತು ಬಿಟ್ಟು, ಇದ್ದ ತಲೆ ತೆಗೆದು ಲೋಹದ ತಲೆ ಕೂರಿಸುವ ಮಾತಾಡುತ್ತಾರೆ. ಕತ್ತಿಗಿಂತ ಕೆಳಗೆ ಮುರಿದಿದ್ದರೆ ಸರಳು ಹಾಕಿ ಬಿಗಿಯುತ್ತಾರೆ. ಯಾವುದೇ ಆದರೂ ಬೇಗ ಆಗಬೇಕು, ಸಾಧ್ಯವಾದರೆ 48 ಗಂಟೆಯೊಳಗೆ. ಏನೂ ಮಾಡದೆ ವಾರಗಟ್ಟಲೆ ಮಲಗಿಸಿದರೆ ನ್ಯುಮೋನಿಯಾ, ಕಾಲಿನ ನಾಳದಲ್ಲಿ ರಕ್ತದ ಹೆಪ್ಪು, ಬೆನ್ನಿಗೆ ಹಾಸಿಗೆ ಹುಣ್ಣು ಒಂದರ ಹಿಂದೊಂದು ಬರುತ್ತವೆ.

ಇದಿಷ್ಟೂ ಮೂಳೆಯ ವಿಷಯ. ಈ ಅಧ್ಯಾಯ ಇರುವುದು ಆ 48 ಗಂಟೆಯೊಳಗೆ ನಡೆಯುವ ಮಾತುಕತೆಯ ಬಗ್ಗೆ.

ಆಂಧ್ರದ ಮಡಕಶಿರ ಸೀಮೆಯ ಅಗಳಿ ಕಡೆಯ ಹಳ್ಳಿಯೊಂದರಲ್ಲಿ 76 ವರ್ಷದ ಅಜ್ಜಿಯೊಬ್ಬರು ಹೀಗೆ ಬಿದ್ದರೆಂದು ಕಲ್ಪಿಸಿಕೊಳ್ಳೋಣ. ಮಡಕಶಿರದ ಮೂರು ಕಡೆ ಕರ್ನಾಟಕ. ಶಿರಾ, ಪಾವಗಡ, ಮಧುಗಿರಿ, ಗೌರಿಬಿದನೂರು ಎಲ್ಲವೂ ಅಕ್ಕಪಕ್ಕದವೇ. ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು. 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಯಲ್ಲಿದ್ದ ಈ ಸೀಮೆ ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅತ್ತ ರಾಯದುರ್ಗದ್ದು ಬೇರೆ ಕಥೆ. ಅದು ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರುಗಳ ಜತೆ ಅದೂ ಆ ಕಡೆಗೆ ಹೋಯಿತು. ಆದರೆ ಜಿಲ್ಲೆ ಬದಲಾದ ಮಾತ್ರಕ್ಕೆ ಕಾಯಿಲೆ ಬಿದ್ದವರ ದಾರಿ ಬದಲಾಗುವುದಿಲ್ಲ. ರಾಯದುರ್ಗದಿಂದ ಬಳ್ಳಾರಿ ಸುಮಾರು 50 ಕಿಲೋಮೀಟರ್, ಅನಂತಪುರ ಅದಕ್ಕಿಂತ ಬಹಳ ದೂರ. ಮಡಕಶಿರದವರಿಗೆ ಹಿಂದೂಪುರ ಹತ್ತಿರ. ಅಲ್ಲಿ ಆಗದಿದ್ದರೆ ತುಮಕೂರು, ಬೆಂಗಳೂರು. ಯಾವ ಕಡೆ ಹೋಗುವುದು, ಯಾವ ಕಾರ್ಡು ಎಲ್ಲಿ ನಡೆಯುತ್ತದೆ, ಜತೆಗೆ ಯಾರು ಉಳಿಯುತ್ತಾರೆ ಎಂಬುದನ್ನು ಆಂಬುಲೆನ್ಸ್ ಬರುವ ಮುಂಚೆಯೇ ಗಂಡುಮಕ್ಕಳು ನಿಂತಲ್ಲೇ ತೀರ್ಮಾನಿಸಿಬಿಡುತ್ತಾರೆ. ಅಜ್ಜಿ ಆಗ ಒಳಗೆ ಮಂಚದ ಮೇಲೆ ನರಳುತ್ತಿರುತ್ತಾರೆ.

ಆಸ್ಪತ್ರೆಯಲ್ಲಿ ಮುಂದೆ ಏನಾಗುತ್ತದೆಂದು ಓದುಗರಲ್ಲಿ ಬಹಳ ಮಂದಿಗೆ ಗೊತ್ತು. "ಪೇಷಂಟ್ ಕಡೆಯವರು ಯಾರು?" ಎಂದು ಕೂಗುತ್ತಾರೆ. ಮಗ ಹೋಗುತ್ತಾನೆ. ಎಕ್ಸ್‌ರೇ ಬೆಳಕಿಗೆ ಹಿಡಿದು ಎರಡು ನಿಮಿಷ ವಿವರಿಸುತ್ತಾರೆ, ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಅಚ್ಚಾದ ಕಾಗದ ಮುಂದಿಡುತ್ತಾರೆ. ಮಗ ಸೈನ್ ಹಾಕುತ್ತಾನೆ. ಅಜ್ಜಿಯ ಬೆರಳಿಗೆ ಇಂಕು ಹಚ್ಚಿ ಹೆಬ್ಬೆಟ್ಟು ಒತ್ತಿಸಿದರೆ ಮುಗಿಯಿತು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ವೈದ್ಯರಿಗೆ ಇನ್ನೂ ಮೂವತ್ತು ರೋಗಿಗಳಿದ್ದಾರೆ, ಮಗನಿಗೆ ತಾಯಿ ಉಳಿದರೆ ಸಾಕಾಗಿದೆ. ಆದರೂ ಅಜ್ಜಿಯನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳದಿರುವುದಕ್ಕೆ ಕೊಡುವ ಕಾರಣ ಒಂದೇ: ಅವರಿಗೆ ಅರ್ಥವಾಗುವುದಿಲ್ಲ.

ಅರ್ಥವಾಗುವುದಿಲ್ಲವೆಂಬುದನ್ನು ಪರೀಕ್ಷಿಸಿ ನೋಡಿದವರು ಯಾರು?

ತೀರ್ಮಾನಿಸುವ ಶಕ್ತಿ ಎಂದರೇನು ಎಂಬುದನ್ನು ಅಮೆರಿಕದ ಮನೋವೈದ್ಯ ಪಾಲ್ ಆ್ಯಪಲ್‌ಬಾಮ್ ಮತ್ತು ಮನಶ್ಶಾಸ್ತ್ರಜ್ಞ ಥಾಮಸ್ ಗ್ರಿಸೊ 1988ರಲ್ಲಿ ನಾಲ್ಕು ಅಂಶಗಳಾಗಿ ಬಿಡಿಸಿ ಹೇಳಿದರು. ಹೇಳಿದ್ದು ತಿಳಿಯುವುದು. ಅದು ಬೇರೆ ಯಾರಿಗೋ ಅಲ್ಲ, ತನಗೇ ಆಗಿರುವುದೆಂದು ಮನಗಾಣುವುದು. ಈ ದಾರಿ ಹಿಡಿದರೆ ಏನು, ಆ ದಾರಿ ಹಿಡಿದರೆ ಏನು ಎಂದು ತೂಗುವುದು. ಕೊನೆಗೆ ಒಂದನ್ನು ಆರಿಸಿ ಹೇಗಾದರೂ ತಿಳಿಸುವುದು. ಇಷ್ಟೇ. ಇದರಲ್ಲಿ ಓದುಬರಹ ಇಲ್ಲ, ಇವತ್ತಿನ ತಾರೀಖು ಹೇಳುವುದು ಇಲ್ಲ, 100ರಿಂದ 7 ಕಳೆಯುತ್ತ ಹೋಗುವುದೂ ಇಲ್ಲ. ಇನ್ನೊಂದು ಮುಖ್ಯ ಸಂಗತಿ: ಈ ಶಕ್ತಿ ಒಟ್ಟಾರೆ ಇದೆ ಅಥವಾ ಇಲ್ಲ ಎನ್ನುವಂಥದ್ದಲ್ಲ. ಜಮೀನಿನ ಪತ್ರದ ತೊಡಕು ಬಿಡಿಸಲಾಗದ ವ್ಯಕ್ತಿ ಕಾಲಿನ ಆಪರೇಷನ್ ಬೇಕೇ ಬೇಡವೇ ಎಂದು ಚೆನ್ನಾಗಿಯೇ ಹೇಳಬಲ್ಲರು. ಬೆಳಿಗ್ಗೆ ಹೇಳಬಲ್ಲವರು ರಾತ್ರಿ ಹೇಳಲಾರದೆಯೂ ಹೋಗಬಹುದು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಸಣ್ಣದು: ಈ ವಿಷಯದಲ್ಲಿ, ಈ ಹೊತ್ತಿನಲ್ಲಿ, ತಕ್ಕ ನೆರವು ಕೊಟ್ಟರೆ, ಇವರು ಹೇಳಬಲ್ಲರೇ? ನೆರವು ಕೊಡದೆ ಪರೀಕ್ಷೆ ಮಾಡಿದರೆ ನಾವು ಅಳೆಯುತ್ತಿರುವುದು ರೋಗಿಯ ಬುದ್ಧಿಯನ್ನಲ್ಲ, ನಮ್ಮ ವಿವರಣೆಯ ಗುಣವನ್ನು.

ಕಿವಿಯಿಂದ ಶುರುಮಾಡೋಣ, ಏಕೆಂದರೆ ಅತಿ ಹೆಚ್ಚು ತಪ್ಪುವುದು ಅಲ್ಲೇ. ಮುಪ್ಪಿನ ಕಿವುಡು ಮೊದಲು ತಿನ್ನುವುದು ತಾರಸ್ಥಾಯಿಯ ಸದ್ದುಗಳನ್ನು. ಆ, ಓ, ಊ ಮುಂತಾದ ಸ್ವರಾಕ್ಷರಗಳು ತಗ್ಗಿನವು, ಬಲವಾದವು, ಅವು ಉಳಿಯುತ್ತವೆ. ಸ, ಶ, ತ, ಕ, ಪ ಮುಂತಾದ ವ್ಯಂಜನಗಳ ತೆಳು ಸದ್ದು ಹೋಗಿಬಿಡುತ್ತದೆ. ಮಾತಿಗೆ ಮಾತಿನ ರೂಪ ಕೊಡುವುದು ಈ ವ್ಯಂಜನಗಳೇ. ಹಾಗಾಗಿ ಅಜ್ಜಿಗೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. "ಹ್ಞೂಂ" ಎಂದು ತಲೆಯಾಡಿಸುತ್ತಾರೆ, ಮತ್ತೆ ಮತ್ತೆ "ಏನಂದ್ರಿ?" ಎನ್ನಲು ಸಂಕೋಚ. ಆಗ ಜನ ಕಿರುಚುತ್ತಾರೆ. ಕಿರುಚಿದರೆ ಹೆಚ್ಚುವುದು ಸ್ವರಾಕ್ಷರಗಳ ಗದ್ದಲ, ವ್ಯಂಜನಗಳು ಇನ್ನೂ ಮುಳುಗುತ್ತವೆ. ಮಾಸ್ಕ್ ಹಾಕಿದ್ದರೆ ತುಟಿಯ ಚಲನೆಯೂ ಕಾಣುವುದಿಲ್ಲ. ಎದುರಿಗೆ ಕೂತು, ಮುಖಕ್ಕೆ ಬೆಳಕು ಬೀಳುವಂತೆ ನೋಡಿಕೊಂಡು, ತಗ್ಗಿದ ದನಿಯಲ್ಲಿ ನಿಧಾನವಾಗಿ ಮಾತಾಡಬೇಕು. ಶ್ರವಣಯಂತ್ರ ಇಲ್ಲದಿದ್ದರೆ ಪ್ರತಿ ವಾರ್ಡಿನಲ್ಲೂ ಇರುವ ಒಂದು ಸಾಧನ ಸಾಕು: ಸ್ಟೆತಸ್ಕೋಪನ್ನು ಅಜ್ಜಿಯ ಕಿವಿಗೆ ಸಿಕ್ಕಿಸಿ, ಎದೆಗೆ ಇಡುವ ತುದಿಯ ಹತ್ತಿರ ಮೆಲ್ಲಗೆ ಮಾತಾಡಿದರಾಯಿತು. ವೃದ್ಧರನ್ನು ನೋಡುವ ವೈದ್ಯರು ಬಹಳ ಹಿಂದಿನಿಂದ ಮಾಡಿಕೊಂಡು ಬಂದ ಉಪಾಯವಿದು. ಖರ್ಚಿಲ್ಲ.

ಇನ್ನು ಭಾಷೆ. ಗಡಿನಾಡಿನವರು ಎರಡು ಭಾಷೆ ಬಲ್ಲವರು, ಅದು ಅವರ ಸೊತ್ತು. ನರವೈದ್ಯೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಮರೆವಿನ ಕಾಯಿಲೆಯ 648 ರೋಗಿಗಳನ್ನು ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಇಲ್ಲದವರಲ್ಲೂ ಈ ಅಂತರವಿತ್ತು. ಹೊಲದಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಎಂದು ಬದುಕಿದ ನಮ್ಮ ಅಜ್ಜಿಯಂದಿರ ಮಿದುಳಿಗೆ ಆ ಬದುಕೇ ಬಲ ಕೊಟ್ಟಿದ್ದರೆ ಆಶ್ಚರ್ಯವಿಲ್ಲ.

ಆದರೆ ಇದರಿಂದ "ಅವರಿಗೆ ತೆಲುಗು ಬರುತ್ತೆ ಬಿಡಿ" ಎಂದು ತೀರ್ಮಾನಿಸುವುದು ತಪ್ಪು. ಸಂತೆಯಲ್ಲಿ ಹುಣಸೆಹಣ್ಣಿನ ರೇಟು ಕೇಳುವ ತೆಲುಗು ಬೇರೆ, ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸುತ್ತೇವೆ ಎಂಬುದನ್ನು ಅರಿಯುವ ತೆಲುಗು ಬೇರೆ. ಮೇಲಾಗಿ ಪಾರ್ಶ್ವವಾಯುವಿನಲ್ಲೂ ಮರೆವಿನ ಕಾಯಿಲೆಯಲ್ಲೂ ಎರಡು ಭಾಷೆಗಳು ಒಂದೇ ಸಮನೆ ಹೋಗುವುದಿಲ್ಲ. 19ನೆಯ ಶತಮಾನದ ಕೊನೆಯಲ್ಲೇ ಫ್ರಾನ್ಸಿನ ಇಬ್ಬರು ಇದನ್ನು ಚರ್ಚಿಸಿದ್ದರು. ಮೊದಲು ಕಲಿತದ್ದು ಕೊನೆಯವರೆಗೆ ಉಳಿಯುತ್ತದೆ ಎಂಬುದು ರಿಬೋ ಅವರ ವಾದ. ಹೆಚ್ಚು ಬಳಸಿದ್ದು ಮೊದಲು ಮರಳುತ್ತದೆ ಎಂದವರು ಪೀತ್ರ್. ಅಗಳಿಯ ಅಜ್ಜಿಯ ಮಟ್ಟಿಗೆ ಎರಡು ವಾದಗಳೂ ಕನ್ನಡವನ್ನೇ ತೋರಿಸುತ್ತವೆ. ಗಡಿಯ ಈಚೆಗೂ ಇದು ಅಷ್ಟೇ ನಿಜ. ರಾಯದುರ್ಗದ ತೆಲುಗು ಮನೆಯ ತಾತ ಬಳ್ಳಾರಿಯ ವಾರ್ಡಿನಲ್ಲಿ ಮಲಗಿದ್ದರೆ ಅವರಿಗೆ ತೆಲುಗಿನಲ್ಲೇ ಹೇಳಬೇಕು. ಹೇಳುವುದಕ್ಕೆ ಮಗನನ್ನೇ ನಿಲ್ಲಿಸಿದರೆ ಇನ್ನೊಂದು ತೊಡಕು: ಅವನು ತನಗೆ ಭಯವಾದದ್ದನ್ನು ದಾಟಿಸುವುದಿಲ್ಲ, ತಾಯಿಯ ಪ್ರಶ್ನೆಯನ್ನು ವೈದ್ಯರಿಗೆ ತಲುಪಿಸಲು ನಾಚುತ್ತಾನೆ. ವಾರ್ಡಿನ ನರ್ಸೋ ಆಯಾನೋ ಎರಡೂ ಭಾಷೆ ಬಲ್ಲವರಾಗಿರುವುದು ಈ ಸೀಮೆಯಲ್ಲಿ ಅಪರೂಪವೇನಲ್ಲ. ಅವರನ್ನು ಕರೆಯಬೇಕು, ಮತ್ತು ಅದನ್ನು ಕೆಲಸವೆಂದೇ ಎಣಿಸಬೇಕು.

ಮರೆವು ಇದೆಯೇ ಎಂದು ಪರೀಕ್ಷಿಸುವ ಸಾಧನಗಳೂ ಭಾಷೆಗೆ ಕಟ್ಟುಬಿದ್ದಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷಾ ಸರಣಿ ಹಿಂದಿ, ಬಂಗಾಳಿ, ಮಲಯಾಳಂಗಳ ಜತೆ ಕನ್ನಡ ಮತ್ತು ತೆಲುಗಿನಲ್ಲೂ ಸಿದ್ಧವಾಗಿದೆ. ಎರಡೂ ಕೈಯಲ್ಲಿರುವಾಗ ಬೇರೆ ಭಾಷೆಯಲ್ಲಿ ಕೇಳಿ, ಉತ್ತರ ಬಾರದ್ದಕ್ಕೆ "ಅರಳುಮರಳು" ಎಂದು ಬರೆಯುವುದು ಅನ್ಯಾಯ.

ಮರೆವೆಂದು ತಪ್ಪಾಗಿ ತಿಳಿಯುವ ಇನ್ನೊಂದು ಸ್ಥಿತಿ ಸನ್ನಿ, ಅಂದರೆ ಕಾಯಿಲೆಯ ನಡುವೆ ಇದ್ದಕ್ಕಿದ್ದಂತೆ ಬುದ್ಧಿ ಕಲಕುವುದು. ಅದರ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮೊನ್ನೆಯವರೆಗೆ ಚೆನ್ನಾಗಿದ್ದ ಅಜ್ಜಿ ಆಸ್ಪತ್ರೆ ಸೇರಿದ ಎರಡನೆಯ ರಾತ್ರಿ ಸತ್ತುಹೋದ ತಂಗಿಯನ್ನು ಕರೆಯುತ್ತಾರೆ, ಡ್ರಿಪ್ ಕಿತ್ತು ಹಾಕುತ್ತಾರೆ. ಇನ್ನು ಕೆಲವರು ಗಲಾಟೆ ಮಾಡದೆ ಮಂಕಾಗಿ ಗೋಡೆ ನೋಡುತ್ತ ಮಲಗುತ್ತಾರೆ. ಇವರನ್ನು ಯಾರೂ ಗುರುತಿಸುವುದೇ ಇಲ್ಲ. ಪಾಶ್ಚಾತ್ಯ ಆಸ್ಪತ್ರೆಗಳ ಸಾಮಾನ್ಯ ವಾರ್ಡುಗಳಲ್ಲಿ 70 ದಾಟಿದ ರೋಗಿಗಳ ಪೈಕಿ ಸುಮಾರು ಮೂವರಲ್ಲಿ ಒಬ್ಬರಿಗೆ ಸನ್ನಿ ಬರುತ್ತದೆಂದು ಲೆಕ್ಕವಿದೆ. ಇದು ಮರೆವಿನ ಕಾಯಿಲೆಯಲ್ಲ. ಮೂತ್ರ ಕಟ್ಟಿದ್ದು, ಜ್ವರ, ನೀರು ಸಾಲದ್ದು, ಸೋಡಿಯಂ ಇಳಿದದ್ದು, ನಿದ್ದೆ ಮಾತ್ರೆ, ತಡೆಯಲಾರದ ನೋವು, ಇವುಗಳಲ್ಲಿ ಒಂದೋ ಹಲವೋ ಸೇರಿ ಮಿದುಳನ್ನು ಕಲಕಿರುತ್ತವೆ. ಕಾರಣ ಹೋದರೆ ಬಹುಪಾಲು ಮಂದಿ ತಿಳಿಯಾಗುತ್ತಾರೆ. ಹಾಗಾಗಿ ಸನ್ನಿಯ ಹೊತ್ತಿನಲ್ಲಿ ಕಂಡದ್ದನ್ನೇ ನೋಡಿ "ಈಕೆಗೆ ಬುದ್ಧಿ ಇಲ್ಲ" ಎಂದು ಕೇಸ್‌ಶೀಟಿನಲ್ಲಿ ಬರೆದುಬಿಟ್ಟರೆ ಆ ಬರಹ ಅವರು ಗುಣವಾದ ಮೇಲೂ ಅವರ ಬಾಯಿ ಕಟ್ಟುತ್ತದೆ.

ಅಮೆರಿಕದ ಯೇಲ್‌ನಲ್ಲಿ ಶ್ಯಾರನ್ ಇನೊಯೆ ಮತ್ತು ಸಂಗಡಿಗರು 852 ವೃದ್ಧ ರೋಗಿಗಳ ಮೇಲೆ ಒಂದು ಪ್ರಯೋಗ ನಡೆಸಿ 1999ರಲ್ಲಿ ಪ್ರಕಟಿಸಿದರು. ಹೊಸ ಔಷಧಿ ಯಾವುದೂ ಇರಲಿಲ್ಲ. ಕನ್ನಡಕ ಕೊಟ್ಟರು, ಕಿವಿಗೆ ನೆರವು ಕೊಟ್ಟರು, ನೀರು ಕುಡಿಸಿದರು, ಬೇಗ ಎಬ್ಬಿಸಿ ನಡೆಸಿದರು, ರಾತ್ರಿ ಸದ್ದು ಕಡಿಮೆ ಮಾಡಿ ನಿದ್ದೆಗೆ ಬಿಟ್ಟರು, ಇವತ್ತು ಯಾವ ದಿನ, ನೀವಿರುವುದು ಎಲ್ಲಿ ಎಂದು ಮಾತಾಡಿಸುತ್ತ ಬಂದರು. ಮಾಮೂಲು ಆರೈಕೆಯಲ್ಲಿ 100ಕ್ಕೆ 15 ಮಂದಿಗೆ ಸನ್ನಿ ಬಂದರೆ, ಈ ಗುಂಪಿನಲ್ಲಿ ಅದು 10ಕ್ಕೆ ಇಳಿಯಿತು. ಈ ಪಟ್ಟಿಯಲ್ಲಿರುವ ಹೆಚ್ಚಿನದನ್ನು ನಮ್ಮ ಆಸ್ಪತ್ರೆಗಳಲ್ಲಿ ಆಗಲೇ ಮಾಡುತ್ತಿರುವವರು ಅಟೆಂಡರ್ ಪಾಸ್ ಹಿಡಿದು ಮಂಚದ ಕೆಳಗೆ ಚಾಪೆ ಹಾಸಿಕೊಳ್ಳುವ ಮಗಳು, ಸೊಸೆ. ಅವರನ್ನು ಹೊರಗಟ್ಟದೆ, ಏನು ಮಾಡಬೇಕೆಂದು ಹೇಳಿಕೊಟ್ಟರೆ ನಮ್ಮಲ್ಲಿ ಈ ಪ್ರಯೋಗಕ್ಕೆ ಹೊಸ ಸಿಬ್ಬಂದಿಯೂ ಬೇಕಿಲ್ಲ ಎಂಬುದು ನನ್ನ ನಂಬಿಕೆ. ಮನೆಯಲ್ಲಿ ಮರೆತುಬಂದ ಕನ್ನಡಕವನ್ನು ಮಾರನೆಯ ಬಸ್ಸಿಗೆ ತರಿಸುವುದೂ ಚಿಕಿತ್ಸೆಯೇ.

ಕಿವಿ ಸರಿಯಾಯಿತು, ಕನ್ನಡದಲ್ಲೇ ಮಾತು, ಸನ್ನಿಯೂ ಇಲ್ಲ. ಈಗ ಏನು ಹೇಳಬೇಕು, ಹೇಗೆ ಹೇಳಬೇಕು? 1982ರಲ್ಲಿ ಮೆಕ್‌ನೀಲ್, ಟ್ವರ್ಸ್ಕಿ ಮೊದಲಾದವರು ಶ್ವಾಸಕೋಶದ ಕ್ಯಾನ್ಸರಿನ ಎರಡು ಚಿಕಿತ್ಸೆಗಳಲ್ಲಿ ಒಂದನ್ನು ಆರಿಸಲು ವೈದ್ಯರನ್ನೇ ಕೇಳಿದ್ದರು. ಶಸ್ತ್ರಚಿಕಿತ್ಸೆಯಲ್ಲಿ "100ಕ್ಕೆ 90 ಮಂದಿ ಬದುಕುತ್ತಾರೆ" ಎಂದಾಗ 84% ವೈದ್ಯರು ಅದನ್ನು ಆರಿಸಿದರು. "100ಕ್ಕೆ 10 ಮಂದಿ ಸಾಯುತ್ತಾರೆ" ಎಂದಾಗ ಆರಿಸಿದವರು 50% ಮಾತ್ರ. ಲೆಕ್ಕ ಒಂದೇ, ಕಲಿತವರೂ ಜಾರಿದರು. ಹಾಗಿದ್ದಮೇಲೆ ಅಜ್ಜಿಗೆ ಎರಡೂ ಬಗೆಯಲ್ಲಿ ಹೇಳುವುದೇ ನ್ಯಾಯ.

ಅನಂತಪುರ ಶೇಂಗಾ ಸೀಮೆ. ಒಂದು ತಟ್ಟೆಯಲ್ಲಿ 100 ಶೇಂಗಾ ಬೀಜ ಹರಡಿ ತೋರಿಸಬಹುದು. ಸೊಂಟದ ಮೂಳೆ ಮುರಿದವರಲ್ಲಿ ತಿಂಗಳೊಳಗೆ ತೀರಿಕೊಳ್ಳುವವರು ಬ್ರಿಟನ್ನಿನ ಲೆಕ್ಕದಲ್ಲಿ 100ಕ್ಕೆ ಆರರ ಆಸುಪಾಸು. ಆರು ಬೀಜ ಪಕ್ಕಕ್ಕೆ ಸರಿಸಿ, "ಅಜ್ಜೀ, ನಿಮ್ಮಂಗೆ ಬಿದ್ದೋರು ನೂರು ಜನ ಅಂದ್ಕೊಳ್ಳಿ. ಇಷ್ಟು ಜನ ಒಂದು ತಿಂಗಳು ದಾಟಲ್ಲ. ಇಷ್ಟು ಜನ ದಾಟ್ತಾರೆ" ಎಂದರೆ ಶೇಕಡಾವಾರು ತಿಳಿಯದವರಿಗೂ ಕಣ್ಣಿಗೆ ಕಾಣುತ್ತದೆ. ಚಿತ್ರ, ಎಣಿಕೆಗಳ ಮೂಲಕ ವಿವರಿಸುವ ಇಂಥ ನೆರವುಗಳ ಬಗ್ಗೆ 2024ರಲ್ಲಿ ಬಂದ ಕಾಕ್ರೇನ್ ಪರಿಶೀಲನೆ 209 ಅಧ್ಯಯನಗಳನ್ನು ಒಟ್ಟಿಗೆ ನೋಡಿದೆ. ನೆರವು ಸಿಕ್ಕವರಿಗೆ ಕಾಯಿಲೆಯ ತಿಳಿವಳಿಕೆ ಹೆಚ್ಚಿತ್ತು, ಅಪಾಯದ ಅಂದಾಜು ಹೆಚ್ಚು ಸರಿಯಿತ್ತು, ತೀರ್ಮಾನದಲ್ಲಿ ಅವರ ಪಾಲೂ ದೊಡ್ಡದಿತ್ತು.

ಹೇಳಿದ ಮೇಲೆ "ಅರ್ಥ ಆಯ್ತಾ?" ಎಂದು ಕೇಳುವುದರಿಂದ ಏನೂ ಪ್ರಯೋಜನವಿಲ್ಲ. ದೊಡ್ಡವರ ಮುಂದೆ ಯಾರು "ಇಲ್ಲ" ಎನ್ನುತ್ತಾರೆ? ವೈದ್ಯರು ಹೇಳಿದ್ದರಲ್ಲಿ 40ರಿಂದ 80% ಆಗಲೇ ಮರೆತುಹೋಗುತ್ತದೆ, ನೆನಪಿರುವುದರಲ್ಲೂ ಅರ್ಧದಷ್ಟು ತಪ್ಪಾಗಿರುತ್ತದೆ ಎಂದು ನೆನಪಿನ ಅಧ್ಯಯನಗಳು ಹೇಳುತ್ತವೆ. ಇದು ಎಲ್ಲ ವಯಸ್ಸಿನವರ ಪಾಡು. ಅದಕ್ಕೆ ಮಾತನ್ನು ತಿರುಗಿಸಬೇಕು: "ನಾನು ಸರಿಯಾಗಿ ಹೇಳಿದ್ನೋ ಇಲ್ವೋ ಗೊತ್ತಾಗ್ಲಿ ಅಂತ ಕೇಳ್ತೀನಿ ಅಜ್ಜಿ, ಊರಿಂದ ನಿಮ್ಮ ತಂಗಿ ಬಂದ್ರೆ ಅವರಿಗೆ ಏನಂತ ಹೇಳ್ತೀರಿ?" ಅಜ್ಜಿ ತಮ್ಮ ಮಾತಿನಲ್ಲಿ ಹೇಳುತ್ತಾರೆ. ಬಿಟ್ಟುಹೋದದ್ದನ್ನು ಮತ್ತೆ ಹೇಳುವ ಹೊಣೆ ವೈದ್ಯರದು. ಮೊದಲು ಹೇಳಿದ ನಾಲ್ಕು ಅಂಶಗಳೂ ಈ ಒಂದು ಮಾತುಕತೆಯಲ್ಲೇ ಪರೀಕ್ಷೆಯಾಗಿಬಿಡುತ್ತವೆ.

ಈ ಸೀಮೆಯಲ್ಲಿ ವಿಶೇಷವಾಗಿ ಗಮನಿಸಬೇಕಾದ ವಿಚಾರವೊಂದಿದೆ. ಅನಂತಪುರ, ಪಾವಗಡದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ದಶಕಗಟ್ಟಲೆ ಕುಡಿದು ಬೆನ್ನು ಬಾಗಿದವರು, ಕೀಲು ಬಿಗಿದವರು ಇಲ್ಲಿದ್ದಾರೆ. ಬೆನ್ನುಮೂಳೆಯ ಕಟ್ಟುಗಳು ಗಟ್ಟಿಯಾಗಿದ್ದರೆ ಸೊಂಟದ ಕೆಳಗೆ ಮರಗಟ್ಟಿಸುವ ಸೂಜಿ ಒಳಹೋಗುವುದೇ ಕಷ್ಟ. ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ ಬೇಕಾದೀತು, ಅದರ ಅಪಾಯ ಬೇರೆ. ಪುಸ್ತಕದಲ್ಲಿರುವ ಅಂಕಿಗಳು ಇವರಿಗೆ ಹಾಗೆಯೇ ಹೊಂದುವುದಿಲ್ಲ ಎಂಬುದನ್ನೂ ಮಾತುಕತೆಯಲ್ಲಿ ಸೇರಿಸಬೇಕು.

ಇಷ್ಟೆಲ್ಲ ಆದಮೇಲೆ ಅಜ್ಜಿ "ಬೇಡ" ಎಂದರೆ? ಮೊನ್ನೆಯವರೆಗೆ ಹಸುವಿಗೆ ಹುಲ್ಲು ಹಾಕಿ ಓಡಾಡುತ್ತಿದ್ದವರಿಗೆ ಶಸ್ತ್ರಚಿಕಿತ್ಸೆಯೇ ಒಳ್ಳೆಯದೆಂದು ವೈದ್ಯರು ಒತ್ತಿ ಹೇಳಬೇಕು. ನೋವು ಕಡಿಮೆಯಾಗುತ್ತದೆ, ಎದ್ದು ಕೂರಬಹುದು. "ಬೇಡ" ಎಂಬುದರ ಹಿಂದೆ ಏನಿದೆ ಎಂದೂ ಕೇಳಬೇಕು. ಎಷ್ಟೋ ಸಲ ಅದು ಸಾವಿನ ಭಯವಲ್ಲ, ಮಗ ಸಾಲ ಮಾಡುತ್ತಾನೆಂಬ ಭಯ. 2024ರ ಅಕ್ಟೋಬರ್‌ನಿಂದ 70 ದಾಟಿದವರಿಗೆಲ್ಲ ಆಯುಷ್ಮಾನ್ ಯೋಜನೆಯಡಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಅವಕಾಶವಿದೆ. ಇದನ್ನು ತಿಳಿಸುವುದೂ ತೀರ್ಮಾನಕ್ಕೆ ಕೊಡುವ ನೆರವೇ. ಆದರೆ ಹಾಸಿಗೆ ಹಿಡಿದು, ಬೇರೆ ಕಾಯಿಲೆಗಳಿಂದ ಸೊರಗಿದ ವೃದ್ಧರ ವಿಷಯ ಹಾಗಲ್ಲ. ನೆದರ್‌ಲೆಂಡ್ಸ್‌ನ ಆರೈಕೆ ಮನೆಗಳಲ್ಲಿದ್ದ, ಸೊಂಟ ಮುರಿದ 172 ದುರ್ಬಲ ವೃದ್ಧರ ಜತೆ, ಅವರ ಮನೆಯವರ ಜತೆ ವೈದ್ಯರು ಕೂತು ಮಾತಾಡಿದರು. 88 ಮಂದಿಯ ವಿಷಯದಲ್ಲಿ ಆಪರೇಷನ್ ಬೇಡ, ನೋವು ನೀಗಿಸಿದರೆ ಸಾಕು ಎಂಬ ತೀರ್ಮಾನವಾಯಿತು. ಅವರು ಬೇಗ ತೀರಿಕೊಂಡರು, ಆದರೆ ಉಳಿದಷ್ಟು ದಿನಗಳ ಬದುಕಿನ ಗುಣ ಆಪರೇಷನ್ ಆದವರಿಗಿಂತ ಕಡಿಮೆಯಿರಲಿಲ್ಲ ಎಂದು 2022ರಲ್ಲಿ ವರದಿಯಾಯಿತು. ಒಂದೇ ಮುರಿತಕ್ಕೆ ಎರಡು ಸರಿಯಾದ ಉತ್ತರಗಳಿರಬಹುದು. ಯಾವುದು ತನ್ನದೆಂದು ಹೇಳಬೇಕಾದವರು ಮಂಚದ ಮೇಲಿರುವವರು.

ಅಂಗವಿಕಲರ ವಿಷಯದಲ್ಲಿ ಇದು ಇನ್ನೂ ತೀಕ್ಷ್ಣ. ಮಾತು ತೊದಲುವ ಯುವಕ ಎದುರಿಗೇ ಕೂತಿದ್ದರೂ "ಇವನಿಗೆ ಎಷ್ಟು ದಿನದಿಂದ ಹೊಟ್ಟೆನೋವು?" ಎಂದು ತಾಯಿಯನ್ನು ಕೇಳುವುದು ನಮ್ಮ ರೂಢಿ. ಪಾರ್ಶ್ವವಾಯುವಿನಿಂದ ಮಾತು ಹೋದವರನ್ನು ಬುದ್ಧಿ ಹೋದವರೆಂದೇ ಎಣಿಸುತ್ತೇವೆ. ಕೆನಡಾದ ಟೊರಾಂಟೊದಲ್ಲಿ ಆರಾ ಕೇಗನ್ ಮತ್ತು ಸಂಗಡಿಗರು ಇಂಥ ರೋಗಿಗಳ ಜತೆ ಮಾತಾಡುವ ಸ್ವಯಂಸೇವಕರಿಗೆ ತರಬೇತಿ ಕೊಟ್ಟರು. ಚಿತ್ರ ತೋರಿಸುವುದು, ಮುಖ್ಯ ಪದ ದೊಡ್ಡದಾಗಿ ಬರೆಯುವುದು, ಹೌದು, ಅಲ್ಲ ಎಂಬ ಎರಡು ಕಾರ್ಡು ಇಡುವುದು, ಉತ್ತರಕ್ಕೆ ಕಾಯುವುದು, ಅದೇ ಪ್ರಶ್ನೆಯನ್ನು ತಿರುವಿ ಕೇಳಿ ಖಚಿತಪಡಿಸಿಕೊಳ್ಳುವುದು. ರೋಗಿಗಳಿಗೆ ಯಾವ ತರಬೇತಿಯೂ ಇರಲಿಲ್ಲ. ಆದರೂ ಅವರು ವಿಷಯ ತಿಳಿಸುವ ಸಾಮರ್ಥ್ಯ ಹೆಚ್ಚಿತೆಂದು 2001ರ ವರದಿ ತೋರಿಸಿತು. ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದೆಲ್ಲ ಆ ಒಂದು ಫಲಿತಾಂಶದಲ್ಲಿದೆ: ಎದುರಿಗಿದ್ದವರು ಬದಲಾದರು, ರೋಗಿಯ ಶಕ್ತಿ ಹೊರಬಂತು.

ಕಾನೂನು ಇದನ್ನು ಒಪ್ಪಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಅವರಿಗೆ ಎಲ್ಲರಂತೆಯೇ ಕಾನೂನು ಸಾಮರ್ಥ್ಯವಿದೆ ಎನ್ನುತ್ತದೆ. ತೀರಾ ಬೇಕಾದಾಗ ಸೀಮಿತ ಪಾಲಕರನ್ನು ನೇಮಿಸಿದರೂ ಆ ಪಾಲಕರು ಅಂಗವಿಕಲ ವ್ಯಕ್ತಿಯ ಜತೆ ಸೇರಿ, ಪರಸ್ಪರ ನಂಬಿಕೆಯಿಂದ ತೀರ್ಮಾನಿಸಬೇಕು. 2017ರ ಮಾನಸಿಕ ಆರೋಗ್ಯ ಕಾಯಿದೆ ಇನ್ನೂ ಸ್ಪಷ್ಟ. ಸರಳ ಭಾಷೆ, ಸಂಜ್ಞೆ, ಚಿತ್ರ, ಯಾವ ದಾರಿಯಿಂದಲಾದರೂ ತಿಳಿಸಬೇಕು. ತೀರ್ಮಾನ ಇತರರಿಗೆ ತಪ್ಪಾಗಿ ಕಂಡಿತೆಂಬ ಒಂದೇ ಕಾರಣಕ್ಕೆ ಸಾಮರ್ಥ್ಯವಿಲ್ಲವೆನ್ನುವಂತಿಲ್ಲ. ಈ ಸಾಲು ಮಾನಸಿಕ ಕಾಯಿಲೆಯವರಿಗೆ ಬರೆದದ್ದಾದರೂ ಮೂಳೆ ವಾರ್ಡಿನ ಗೋಡೆಗೂ ತಕ್ಕದ್ದು. ಮಗನ ಸೈನ್ ವಿಷಯಕ್ಕೆ ಬಂದರೆ, ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ತೀರ್ಪು ಕೊಟ್ಟಿದೆ. ಪರೀಕ್ಷೆಗೆಂದು ಅರಿವಳಿಕೆ ಪಡೆದ 44 ವರ್ಷದ ಮಹಿಳೆಯ ಗರ್ಭಕೋಶವನ್ನು ಅವರ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಜೀವಕ್ಕೆ ತುರ್ತು ಅಪಾಯವಿಲ್ಲದಾಗ, ಸ್ವತಃ ಹೇಳಬಲ್ಲ ವಯಸ್ಕರ ಪರವಾಗಿ ಬೇರೆಯವರ ಒಪ್ಪಿಗೆ ಸಲ್ಲದು ಎಂದಿತು ನ್ಯಾಯಾಲಯ.

ಹಾಗೆಂದು ಮಗನನ್ನು ಹೊರಗೆ ನಿಲ್ಲಿಸಿ ಅಜ್ಜಿಯೊಬ್ಬರನ್ನೇ ಕೂರಿಸಿ ಕೇಳುವುದು ನಮ್ಮ ನೆಲದ ರೀತಿಯಲ್ಲ, ಅದರ ಅಗತ್ಯವೂ ಇಲ್ಲ. "ಹೇಳ್ಬೇಡಿ ಸಾರ್, ಭಯ ಬೀಳ್ತಾರೆ" ಎನ್ನುವ ಮಗನ ಮಾತಿನಲ್ಲಿ ಪ್ರೀತಿಯಿದೆ. ಅವನ ಎದುರಿಗೇ ತಾಯಿಯನ್ನು ಕೇಳಬಹುದು: "ಎಲ್ಲಾ ನಿಮಗೇ ಹೇಳ್ಲಾ ಅಜ್ಜಿ, ಇಲ್ಲ ಮಗನಿಗೆ ಹೇಳಿದ್ರೆ ಸಾಕಾ?" ಆಕೆ "ಅವನೇ ನೋಡ್ಕೋತಾನೆ" ಎಂದರೆ ಅದೂ ಆಕೆಯದೇ ತೀರ್ಮಾನ. ಕೇಳದೆ ಕಸಿದುಕೊಂಡದ್ದಕ್ಕೂ ಕೇಳಿ ಒಪ್ಪಿಸಿಕೊಂಡದ್ದಕ್ಕೂ ಬಹಳ ಅಂತರವಿದೆ.

ಮುಂದೆ ಮಾತಾಡಲಾಗದ ದಿನ ಬಂದರೆ ಏನು ಬೇಕು, ಏನು ಬೇಡ ಎಂದು ಈಗಲೇ ಬರೆದಿಡುವ ಅವಕಾಶವನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳ ಜತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕೆಂದಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ತೀರ್ಪು ದೇಶಕ್ಕೆಲ್ಲ ಅನ್ವಯಿಸುವುದರಿಂದ ಮಡಕಶಿರದಲ್ಲಿ ಬರೆದ ಪತ್ರಕ್ಕೆ ತುಮಕೂರಿನಲ್ಲೂ ಬೆಲೆಯಿದೆ. ಗಡಿ ದಾಟಿ ಆಸ್ಪತ್ರೆ ಬದಲಿಸುವವರು ಇನ್ನೊಂದನ್ನೂ ನೆನಪಿಡಬೇಕು: ಕೇಳಿದ 72 ಗಂಟೆಯೊಳಗೆ ದಾಖಲೆಗಳನ್ನು ಕೊಡುವುದು 2002ರ ನಿಯಮದಂತೆ ವೈದ್ಯರ ಕರ್ತವ್ಯ. ಆ ದಾಖಲೆಗಳ ಚೀಲದಲ್ಲಿ, ಎಕ್ಸ್‌ರೇ ಮತ್ತು ರಕ್ತಪರೀಕ್ಷೆಯ ಚೀಟಿಗಳ ಮೇಲೆ, ಒಂದು ಹಾಳೆ ಇರಲಿ: ಅಜ್ಜಿಗೆ ಯಾವ ಭಾಷೆಯಲ್ಲಿ ಹೇಳಬೇಕು, ಯಾವ ಕಿವಿ ಚೆನ್ನಾಗಿ ಕೇಳುತ್ತದೆ, ಕನ್ನಡಕ ಎಲ್ಲಿದೆ, ಯಾರು ಜತೆಗಿದ್ದರೆ ಧೈರ್ಯ, ಹಿಂದಿನ ಆಸ್ಪತ್ರೆಯಲ್ಲಿ ಏನು ಹೇಳಿದರು, ಅದಕ್ಕೆ ಅಜ್ಜಿ ಏನೆಂದರು. ಎರಡು ಭಾಷೆಯಲ್ಲೂ ಬರೆದರೆ ಹಿಂದೂಪುರದ ನರ್ಸಿಗೂ ಬಳ್ಳಾರಿಯ ನರ್ಸಿಗೂ ಓದಲು ಆಗುತ್ತದೆ.